ತೇಪೆ ಗೋಡೆಗಿಂತ ಮೆದುವಿರಲಿ

ಹೊರಗೋಡೆ ಬಿರುಕು ಬಿಟ್ಟಿದೆ ಎಂದು ಯಾರ ಹತ್ತಿರವಾದರೂ ಹೇಳಿ ನೋಡಿ. ಮರುಮಾತಿಗೆ ಬರುವುದು ಯಾವುದೋ ಒಂದು ವಸ್ತುವಿನ ಹೆಸರು. ಮೇಸ್ತ್ರಿ ಸಿಮೆಂಟ್ ಹಾಲು ಅನ್ನುತ್ತಾರೆ. ಪೇಂಟಿನವರು ಪುಟ್ಟಿ ಅನ್ನುತ್ತಾರೆ. ಹಾರ್ಡ್‌ವೇರ್ ಅಂಗಡಿಯವರು ಕ್ರ್ಯಾಕ್ ಫಿಲ್ಲರಿನ ಡಬ್ಬಿ ಇಳಿಸಿ ತೋರಿಸುತ್ತಾರೆ. ನೆಂಟರೊಬ್ಬರು ತಮ್ಮ ಮನೆಗೆ ಹೊಡೆಸಿದ ವಾಟರ್‌ಪ್ರೂಫ್ ಪೇಂಟಿಗೆ ಎಷ್ಟು ವರ್ಷದ ಗ್ಯಾರಂಟಿ ಎಂದು ವಿವರಿಸುತ್ತಾರೆ. ಏನು ತುಂಬಬೇಕು ಎಂಬುದಕ್ಕೆ ಉತ್ತರಗಳಿಗೆ ಬರವಿಲ್ಲ. ಬಿರುಕು ಯಾಕೆ ಬಂತು, ಅದು ಇನ್ನೂ ಬೆಳೆಯುತ್ತಿದೆಯೇ ಎಂದು ಕೇಳುವವರು ಮಾತ್ರ ಸಿಗುವುದಿಲ್ಲ. ಅದರ ಫಲ ಯಾವ ಬೀದಿಯಲ್ಲಿ ನಡೆದರೂ ಕಾಣುತ್ತದೆ: ಬಿರುಕಿನ ಮೇಲೆ ಬೂದುಬಣ್ಣದ ಸಿಮೆಂಟ್ ಪಟ್ಟಿ, ಆ ಪಟ್ಟಿಯ ಅಂಚಿನುದ್ದಕ್ಕೂ ಹೊಸ ಬಿರುಕು, ಅದರ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಬಣ್ಣ, ಬಣ್ಣದ ಮೇಲೆ ಮತ್ತೆ ಅದೇ ಗೆರೆ.

ಈ ತೇಪೆಗಳು ಸಾಕಷ್ಟು ಗಟ್ಟಿಯಿಲ್ಲ ಎಂದು ನಾವು ಅಂದುಕೊಳ್ಳುತ್ತೇವೆ, ಮುಂದಿನ ಸಲ ಇನ್ನೊಂದು ಬಾಂಡ್ಲಿ ಸಿಮೆಂಟ್ ಹೆಚ್ಚಿಗೆ ಹಾಕಿಸುತ್ತೇವೆ. ಅವು ಸೋಲುವುದೇ ಅತಿಯಾದ ಗಟ್ಟಿತನದಿಂದ ಎಂಬುದು ನನ್ನ ವಾದ. ಗೋಡೆ ಅಲುಗುವ ವಸ್ತು. ಅಲುಗುವ ಗೋಡೆಯ ಮೇಲೆ ಅಲುಗದ ತೇಪೆ ಹಾಕಿದರೆ ಎರಡರಲ್ಲಿ ಒಂದು ಸೀಳಲೇಬೇಕು. ತೇಪೆ ಸೀಳದಿದ್ದರೆ ಗೋಡೆ ಸೀಳುತ್ತದೆ. ಹಾಗಿರುವಾಗ ಸೀಳಬೇಕಾದದ್ದು ಯಾವುದು ಎಂದು ಮೊದಲೇ ತೀರ್ಮಾನಿಸುವುದೇ ದುರಸ್ತಿಯ ಬುದ್ಧಿ. ಸುಲಭವಾಗಿ ಬದಲಿಸಬಹುದಾದದ್ದು ಸೀಳಲಿ.

ಅಲುಗುತ್ತದೆ ಎಂದರೆ ಎಷ್ಟು? ಹತ್ತು ಮೀಟರ್ ಉದ್ದದ ಕಾಂಕ್ರೀಟ್ ತಾರಸಿಯ ಕಾವು 30 ಡಿಗ್ರಿ ಏರಿದರೆ ಅದು ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ. ಅದರ ಕೆಳಗಿನ ಇಟ್ಟಿಗೆ ಗೋಡೆ ಅಷ್ಟೇ ಕಾವಿಗೆ ಹೆಚ್ಚುಕಡಿಮೆ ಅದರ ಅರ್ಧ ಮಾತ್ರ ಹಿಗ್ಗುತ್ತದೆ. ಅದೂ ನೆರಳಿನಲ್ಲಿರುವುದರಿಂದ ಅಷ್ಟು ಕಾಯುವುದೂ ಇಲ್ಲ. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಏಪ್ರಿಲ್ ತಿಂಗಳ ಮಧ್ಯಾಹ್ನ ತಾರಸಿಯ ಮೇಲೆ ಬರಿಗಾಲಿಡಲಾಗದು. ನಸುಕಿಗೆ ಅದೇ ತಾರಸಿ ತಣ್ಣಗಿರುತ್ತದೆ. ಈ ಹಿಗ್ಗು-ಕುಗ್ಗು ದಿನವೂ ನಡೆಯುತ್ತದೆ. ಮೇಲಿನ ಮಹಡಿಯಲ್ಲಿ, ತಾರಸಿ ಗೋಡೆಯ ಮೇಲೆ ಕೂರುವ ಜಾಗದಲ್ಲಿ, ಮನೆಯ ಸುತ್ತ ಅಡ್ಡಲಾಗಿ ಒಂದು ಗೆರೆ ಮೂಡುವುದು ಇದರಿಂದ. ಈ ಗೆರೆಗೆ ಸಿಮೆಂಟ್ ಮೆತ್ತುವವರು ಬಿಸಿಲಿನ ಜೊತೆ ಪಂದ್ಯ ಕಟ್ಟಿದ್ದಾರೆ. ಅದರ ನಿಜವಾದ ಮದ್ದು ತಾರಸಿಯ ಮೇಲಿದೆ: ಬಿಳಿ ಸುಣ್ಣ ಬಳಿದು, ಬಿಳಿ ಟೈಲ್ಸ್ ಹಾಕಿ, ಅಥವಾ ಗಿಡದ ಚಪ್ಪರ ಹಬ್ಬಿಸಿ ತಾರಸಿಯ ಕಾವನ್ನು ತಗ್ಗಿಸಿದರೆ ಗೆರೆ ಓಡಾಡುವುದೂ ತಗ್ಗುತ್ತದೆ. ಉಳಿದ ಸಣ್ಣ ಚಲನೆಗೆ ರಬ್ಬರಿನ ಗುಣವಿರುವ ಸೀಲಂಟ್ ಸಾಕು. ಗೋಡೆಯನ್ನು ಸರಿಮಾಡಲು ಮಾಳಿಗೆ ಹತ್ತಬೇಕು ಎಂದರೆ ಮನೆಯೊಡೆಯರಿಗೆ ನಂಬಿಕೆ ಬರುವುದಿಲ್ಲ. ಆದರೆ ಬಿರುಕಿನ ಕಾರಣ ಬಿರುಕಿನ ಜಾಗದಲ್ಲೇ ಸಿಗುವುದು ಅಪರೂಪ.

ಈ ವಿಷಯದಲ್ಲಿ ನಮ್ಮಲ್ಲಿ ಜ್ಞಾನದ ಕೊರತೆಯೇನೂ ಇಲ್ಲ. ಆಗಿನ ಭಾರತೀಯ ಮಾನಕ ಸಂಸ್ಥೆ 1984ರಲ್ಲೇ ಎಸ್‌ಪಿ 25 ಎಂಬ ಕೈಪಿಡಿಯನ್ನು ಹೊರತಂದಿತು. ಕಟ್ಟಡಗಳ ಬಿರುಕುಗಳಿಗೆ ಕಾರಣವೇನು, ತಡೆಯುವುದು ಹೇಗೆ ಎಂಬುದಷ್ಟೇ ಅದರ ವಿಷಯ. 1 ಮಿಲಿಮೀಟರಿಗಿಂತ ಕಡಿಮೆಯದು ಸಣ್ಣ ಬಿರುಕು, 1ರಿಂದ 2ರವರೆಗಿನದು ಮಧ್ಯಮ, 2 ದಾಟಿದರೆ ಅಗಲ ಬಿರುಕು ಎಂದು ಅದು ವಿಂಗಡಿಸುತ್ತದೆ. ಕಾರಣಗಳನ್ನೂ ಬಿಡಿಸಿ ಹೇಳುತ್ತದೆ: ತೇವದ ಏರಿಳಿತ, ಕಾವಿನ ಏರಿಳಿತ, ಭಾರಕ್ಕೆ ಬಾಗುವುದು, ವರ್ಷಾನುಗಟ್ಟಲೆ ಭಾರ ಹೊತ್ತು ನಿಧಾನವಾಗಿ ಕುಗ್ಗುವುದು, ರಾಸಾಯನಿಕ ಕ್ರಿಯೆ, ಪಾಯದ ಕುಸಿತ, ಗಿಡಮರಗಳ ಬೇರು. ಗಮನಿಸಿ, ಇಲ್ಲಿರುವ ಬಹುಪಾಲು ಕಾರಣಗಳು ಯಾವುದಾದರೊಂದು ಬಗೆಯ ಚಲನೆಯೇ. ಮಾನಕ ಸಂಸ್ಥೆಯ ಕೈಪಿಡಿಯೊಂದು ಗೋಡೆ ನಿಶ್ಚಲವಲ್ಲ ಎಂದು ನಾಲ್ಕು ದಶಕದ ಹಿಂದೆಯೇ ಒಪ್ಪಿಕೊಂಡಿದೆ. ಒಪ್ಪದವರು ನಾವು.

ಗೋಡೆಯನ್ನು ಓದುವುದು ಕಷ್ಟದ ವಿದ್ಯೆಯಲ್ಲ. ಗಾರೆಯ ಮೇಲೆ ಬೇಸಿಗೆಯ ಕೆರೆಯಂಗಳದ ಹಾಗೆ ಎಲ್ಲ ದಿಕ್ಕಿಗೂ ಹರಡಿದ ಕೂದಲೆಳೆ ಗೆರೆಗಳಿದ್ದರೆ ಅದು ಗಾರೆಯದೇ ತಪ್ಪು. ಸಿಮೆಂಟ್ ಹೆಚ್ಚಾಗಿರುತ್ತದೆ, ಗಾರೆಗೆಂದು ಕಲ್ಲು ಅರೆದು ಮಾಡಿದ, ದೂಳು ತುಂಬಿದ ಪಿ-ಸ್ಯಾಂಡ್ ಹೆಚ್ಚು ನೀರು ಕುಡಿದಿರುತ್ತದೆ, ಮೇಲ್ಮೈ ನುಣುಪಾಗಲಿ ಎಂದು ಒಣ ಸಿಮೆಂಟ್ ಎರಚಿ ಕರಣೆಯಿಂದ ಅತಿಯಾಗಿ ತಿಕ್ಕಿರುತ್ತಾರೆ, ಅಥವಾ ನೀರು ಹಾಕಿದ್ದು ಎರಡೇ ದಿನ. ಒಣಗುವಾಗ ಕುಗ್ಗಿ ಬಿರಿದ ಈ ಗೆರೆಗಳ ಕತೆ ಅಲ್ಲಿಗೇ ಮುಗಿದಿದೆ. ಇವು ಸತ್ತ ಬಿರುಕುಗಳು. ತೆಳುವಾಗಿ ಸುಣ್ಣವನ್ನೋ ಉಸಿರಾಡುವ ಬಣ್ಣವನ್ನೋ ಎರಡು ಕೈ ಬಳಿದರೆ ಸಾಕು. ಆದರೆ ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಬೇಕು. ಪೊಳ್ಳು ಸದ್ದು ಬಂದರೆ ಗಾರೆ ಗೋಡೆಯನ್ನು ಬಿಟ್ಟಿದೆ ಎಂದರ್ಥ. ಅಷ್ಟು ಭಾಗವನ್ನು ಚೌಕಾಕಾರವಾಗಿ ಕತ್ತರಿಸಿ ತೆಗೆದು ಹೊಸದಾಗಿ ಗಾರೆ ಮಾಡದೆ ಬೇರೆ ದಾರಿಯಿಲ್ಲ. ಬೆಂಗಳೂರಿನ ಕಾಂಕ್ರೀಟ್ ಬ್ಲಾಕಿನ ಮನೆಗಳಲ್ಲಿ ಕಂಬ ಮತ್ತು ಬ್ಲಾಕ್ ಸೇರುವಲ್ಲಿ ನೇರವಾಗಿ, ಅಳತೆಗೋಲಿಟ್ಟು ಎಳೆದ ಹಾಗೆ ಬಿರುಕು ಬರುತ್ತದೆ. ಎರಡು ಬೇರೆ ವಸ್ತುಗಳು ಬೇರೆ ವೇಗದಲ್ಲಿ ಒಣಗಿ ಕುಗ್ಗಿದ ಗುರುತು ಅದು. ಗಾರೆ ಹಾಕುವ ಮೊದಲೇ ಆ ಸಂದಿಯ ಮೇಲೆ ಚಿಕನ್ ಮೆಶ್ ಹೊಡೆದಿದ್ದರೆ ಬಹುತೇಕ ತಪ್ಪುತ್ತಿತ್ತು. ಉಳಿತಾಯ ಮಾಡಿದ್ದು ಒಂದು ಸುರುಳಿ ಜಾಲರಿಯನ್ನು.

ಸಜ್ಜಾದ ಅಡಿಯಲ್ಲಿ ಅಥವಾ ಕಂಬದ ಮೂಲೆಯಲ್ಲಿ ಉದ್ದಕ್ಕೆ ಸೀಳಿ, ಸೀಳಿನಿಂದ ಕಂದುಬಣ್ಣ ಇಳಿದಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದಿದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಕು. ಅದು ಒಳಗಿನಿಂದ ಕಾಂಕ್ರೀಟನ್ನು ಒಡೆಯುತ್ತದೆ. ಮಂಗಳೂರು, ಕಾರವಾರದಂಥ ಉಪ್ಪುಗಾಳಿಯ ಊರುಗಳಲ್ಲಿ ಇದು ದಿನನಿತ್ಯದ ದೃಶ್ಯ. ಇದರ ಮೇಲೆ ಪುಟ್ಟಿ ಹಚ್ಚುವುದು ಅಪಾಯ. ಕೆಟ್ಟ ಕಾಂಕ್ರೀಟನ್ನು ಕೆತ್ತಿ ಕಬ್ಬಿಣವನ್ನು ಉಜ್ಜಿ ಬಳಿದು ಮತ್ತೆ ಮುಚ್ಚಬೇಕು. ಇಂಥಲ್ಲಿ ಮೇಸ್ತ್ರಿಯೊಬ್ಬರ ಅಂದಾಜು ಸಾಲದು, ಎಂಜಿನಿಯರ್ ನೋಡಬೇಕು.

ಇನ್ನು ಎರೆನೆಲದ ಮನೆಗಳು. ಧಾರವಾಡ, ಗದಗ, ವಿಜಯಪುರ, ರಾಯಚೂರು ಕಡೆಯ ಕಪ್ಪು ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ಕೂತ ಮನೆ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ, ಎಲ್ಲ ಕಡೆಗೂ ಸಮನಾಗಿ ಅಲ್ಲ. ಬಚ್ಚಲ ನೀರು ಇಂಗುವ ಮೂಲೆ ಉಬ್ಬೇ ಇರುತ್ತದೆ, ಬೇವಿನ ಮರ ನೀರು ಹೀರುವ ಮೂಲೆ ಕುಗ್ಗುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ, ಇಟ್ಟಿಗೆಯ ಸಂದಿ ಹಿಡಿದು ಮೆಟ್ಟಿಲಿನಂತೆ ಇಳಿಯುವ ಬಿರುಕು ಈ ಎಳೆದಾಟದ ಬರಹ. ಹಳಬರಿಗೆ ಇದು ಗೊತ್ತಿತ್ತು. ಗರಸು ಸಿಗುವವರೆಗೆ ಅಗೆದು, ಅಗೆದಲ್ಲಿ ಗರಸು ತುಂಬಿ ಪಾಯ ಹಾಕುತ್ತಿದ್ದರು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ಬುಡದಲ್ಲಿ ಉಬ್ಬಿರುವ ಪೈಲುಗಳ ವಿಧಾನವನ್ನು ರೂಪಿಸಿತು. ಕಟ್ಟಿ ಮುಗಿದ ಮನೆಗೆ ಈ ಎರಡೂ ದಕ್ಕುವುದಿಲ್ಲ. ಆದರೆ ಮನೆಯ ಸುತ್ತ ಒಂದೂವರೆ ಎರಡು ಮೀಟರ್ ಅಗಲಕ್ಕೆ ಚಪ್ಪಡಿ ಹಾಸಿ, ತಾರಸಿಯ ನೀರು ಪಾಯದ ಬುಡಕ್ಕೆ ಬೀಳದಂತೆ ದೂರ ಹರಿಸಿದರೆ ಮಣ್ಣಿನ ತೇವ ವರ್ಷವಿಡೀ ಒಂದೇ ಮಟ್ಟದಲ್ಲಿರುತ್ತದೆ, ಏರಿಳಿತ ತಗ್ಗುತ್ತದೆ. ಗೋಡೆಗೆ ಮುಟ್ಟದೆಯೇ ಗೋಡೆಯ ದುರಸ್ತಿ ಮಾಡಿದ ಹಾಗಾಯಿತು.

ಬಿರುಕು ಸತ್ತಿದೆಯೋ ಬದುಕಿದೆಯೋ ತಿಳಿಯುವುದಕ್ಕೆ ಯಂತ್ರ ಬೇಡ. ಬಿರುಕಿನ ಎರಡು ದಡದಲ್ಲೂ ಪೆನ್ಸಿಲ್ ಗುರುತು ಹಾಕಿ, ನಡುವಿನ ಅಂತರವನ್ನೂ ತಾರೀಖನ್ನೂ ಗೋಡೆಯ ಮೇಲೇ ಬರೆಯಿರಿ. ಬಿರುಕಿನ ತುದಿ ಎಲ್ಲಿದೆ ಎಂದೂ ಗುರುತಿಡಿ. ಎಂಜಿನಿಯರುಗಳು ಬಿರುಕಿಗೆ ಅಡ್ಡಲಾಗಿ ತೆಳುಗಾಜಿನ ಪಟ್ಟಿಯನ್ನು ಅಂಟಿಸಿ ಬಿಡುತ್ತಿದ್ದರು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಒಂದು ಮಳೆಗಾಲ, ಒಂದು ಬೇಸಿಗೆ ನೋಡಿದರೆ ಉತ್ತರ ಸಿಕ್ಕಿತು. ಈ ಪೆನ್ಸಿಲ್ ಗೆರೆಗೆ ಇನ್ನೊಂದು ಉಪಯೋಗವಿದೆ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ ಪ್ರಕಾರ, ಮನೆ ಕೈಗೆ ಬಂದ 5 ವರ್ಷದೊಳಗೆ ರಚನೆಯ ಅಥವಾ ಕಾಮಗಾರಿಯ ದೋಷ ಕಂಡರೆ ತಿಳಿಸಿದ 30 ದಿನದಲ್ಲಿ ಬಿಲ್ಡರ್ ಅದನ್ನು ಖರ್ಚಿಲ್ಲದೆ ಸರಿಪಡಿಸಿಕೊಡಬೇಕು. ಅಪಾರ್ಟ್‌ಮೆಂಟಿನವರು ಅವಸರದಲ್ಲಿ ಬಿರುಕಿನ ಮೇಲೆ ಬಣ್ಣ ಹೊಡೆಸಿದಾಗ ಅಳಿಸಿಹೋಗುವುದು ತಮ್ಮದೇ ಸಾಕ್ಷ್ಯ.

ಈಗ ಗಟ್ಟಿತನದ ವಿಷಯಕ್ಕೆ ಬರೋಣ. ಗಾರೆ ಕೆಲಸದಲ್ಲಿ ಹಳೆಯ ನಿಯಮವೊಂದಿದೆ: ಹೊರಗಿನ ಪದರ ಒಳಗಿನ ಪದರಕ್ಕಿಂತ ಮೆದುವಾಗಿರಬೇಕು. ಗೋಡೆ ಎಳೆದಾಗ ಮೆದು ಗಾರೆ ನೂರು ಕಡೆ ಸೂಕ್ಷ್ಮವಾಗಿ ಸಡಿಲಗೊಂಡು ಎಳೆತವನ್ನು ಹಂಚಿಕೊಳ್ಳುತ್ತದೆ. ಕಣ್ಣಿಗೆ ಏನೂ ಕಾಣದು. ಗಟ್ಟಿ ಗಾರೆ ತಡೆಯುವಷ್ಟು ತಡೆದು ಒಂದೇ ಕಡೆ ಬಾಯಿ ಬಿಡುತ್ತದೆ. ಸಾಲದ್ದಕ್ಕೆ ಸಿಮೆಂಟ್ ಹೆಚ್ಚಿದಷ್ಟೂ ಒಣಗುವಾಗ ಕುಗ್ಗುವುದೂ ಹೆಚ್ಚು. ಹೊರಗೋಡೆಗೆ ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಮರಳಿನ ಮಿಶ್ರಣ ಬಹುಕಾಲದಿಂದ ಬಳಕೆಯಲ್ಲಿದೆ. 1972ರ ಐಎಸ್ 1661 ಮಾನಕದ ಹೆಸರಿನಲ್ಲೇ ಸಿಮೆಂಟ್-ಸುಣ್ಣದ ಗಾರೆಗೆ ಜಾಗವಿದೆ. ಇವತ್ತು ನಗರದ ಯಾವ ಕಟ್ಟಡದಲ್ಲಿ ಆ ಸುಣ್ಣದ ಚೀಲ ಕಾಣುತ್ತದೆ? ಕಂಬ, ತೊಲೆಗಳ ಕಾಂಕ್ರೀಟಿಗೆ ತರಿಸಿದ 53 ಗ್ರೇಡ್ ಸಿಮೆಂಟೇ ಗಾರೆಗೂ, ಆ ಗಾರೆಯ ಬಿರುಕಿನ ತೇಪೆಗೂ. ತೇಪೆಗಂತೂ ಮರಳೇ ಇಲ್ಲದ ಸಿಮೆಂಟ್ ಹಾಲು. ಕುಗ್ಗುವುದರಲ್ಲಿ ಅದಕ್ಕೆ ಸಾಟಿಯಿಲ್ಲ.

ಸತ್ತ ಬಿರುಕು ಅಗಲವಾಗಿದ್ದರೆ ಉಳಿಯಿಂದ ವಿ-ಆಕಾರದಲ್ಲಿ ಬಿಡಿಸಿ, ದೂಳು ತೆಗೆದು, ನೀರು ಕುಡಿಸಿ, ಸುಣ್ಣ ಸೇರಿದ ದುರ್ಬಲ ಗಾರೆಯನ್ನೋ ಪಾಲಿಮರ್ ಬೆರೆತ ಸಿದ್ಧ ಗಾರೆಯನ್ನೋ ಒತ್ತಿ ತುಂಬುವುದು, ಏಳು ದಿನ ನೀರು ಹಾಕುವುದು. ಬದುಕಿರುವ ಬಿರುಕಿಗೆ ಗಾರೆಯೇ ಬೇಡ, ಅಕ್ರಿಲಿಕ್ ಅಥವಾ ಪಾಲಿಯುರಿಥೇನ್ ಸೀಲಂಟ್ ಬೇಕು. ಅದು ಗೋಡೆಯ ಜೊತೆ ಹಿಗ್ಗಿ ಕುಗ್ಗುತ್ತದೆ. ನೋಡಲು ಒಂದು ಗೆರೆ ಉಳಿಯಬಹುದು. ಉಳಿಯಲಿ. ಗೆರೆ ಕಾಣಬಾರದೆಂಬ ಹಟವೇ ಗಟ್ಟಿ ತೇಪೆಯ ಮೂಲ.

ಹಳೆಯ ಮನೆಗಳ ಮಟ್ಟಿಗೆ ಈ ಹಟ ಇನ್ನೂ ದುಬಾರಿ. ಮಲೆನಾಡಿನ ಮಣ್ಣುಗೋಡೆ, ಕರಾವಳಿಯ ಮುರಕಲ್ಲಿನ ಗೋಡೆ, ಬಯಲುಸೀಮೆಯ ಹಸಿ ಇಟ್ಟಿಗೆಯ ಗೋಡೆ, ಇವೆಲ್ಲ ನೀರು ಕುಡಿಯುತ್ತವೆ, ಬಿಸಿಲು ಬಂದಾಗ ಬಿಡುತ್ತವೆ. ಸುಣ್ಣದ ಗಾರೆಗೆ ಈ ಓಡಾಟ ಒಗ್ಗುತ್ತದೆ. ಅದರ ಮೇಲೆ ಸಿಮೆಂಟ್ ಗಾರೆ ಬಂದ ಕೂಡಲೇ ಕೂದಲೆಳೆ ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಹೊರಬರುವ ದಾರಿ ಮುಚ್ಚಿರುತ್ತದೆ. ಹೊರಗೆ ಗಾರೆ ಕಲ್ಲಿನ ಹಾಗೆ ನಿಂತಿರುತ್ತದೆ, ಹಿಂದೆ ಗೋಡೆ ಕೆಸರಾಗಿರುತ್ತದೆ. ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಶತಮಾನಗಳ ಕಾಲ ಬಾಳಿದ ಮಣ್ಣುಗೋಡೆಯ ಮನೆಗಳು ಸಿಮೆಂಟ್ ಗಾರೆ ಮೆತ್ತಿಸಿಕೊಂಡ ಮೇಲೆ ತೇವ ಸಿಕ್ಕಿಕೊಂಡು ಕುಸಿದಿವೆ. ವಿಲಿಯಂ ಮಾರಿಸ್ 1877ರಲ್ಲಿ ಸ್ಥಾಪಿಸಿದ ಹಳೆ ಕಟ್ಟಡಗಳ ರಕ್ಷಣಾ ಸಂಘ ಇಂದಿಗೂ ಅಲ್ಲಿ ಸುಣ್ಣದ ಪಾಠ ಹೇಳುತ್ತಿದೆ. ನಾವು ಅದನ್ನು ಅಲ್ಲಿಂದ ಕಲಿಯಬೇಕಾಗಿಲ್ಲ. ಹಂಪಿಯ ವಿರೂಪಾಕ್ಷ ಗೋಪುರದ ಮೇಲಿನ ಗಾರೆಯ ಗೊಂಬೆಗಳು ಇಟ್ಟಿಗೆಯ ಮೇಲೆ ಸುಣ್ಣದಲ್ಲಿ ಮೂಡಿದವು. ವಿಜಯಪುರದ ಗೋಳಗುಮ್ಮಟದ ಒಳಗೇ ಸುಮಾರು 38 ಮೀಟರ್ ಅಗಲವಿದೆ. ಇಟ್ಟಿಗೆ ಮತ್ತು ಸುಣ್ಣದಲ್ಲಿ ಕಟ್ಟಿದ ಆ ಗುಮ್ಮಟ 17ನೇ ಶತಮಾನದ ನಡುವಿನಿಂದ ಅಲ್ಲಿನ ಬಿಸಿಲಿಗೆ ಹಿಗ್ಗುತ್ತ ಕುಗ್ಗುತ್ತ ಬಂದಿದೆ. ಸುಣ್ಣವನ್ನು ದಿನಗಟ್ಟಲೆ ನೆನೆಸಿ, ಎತ್ತು ಕಟ್ಟಿ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ನೀರು ಬೆರೆಸಿ ಗಾರೆ ಮಾಡುವುದು ಹಳಬರ ರೂಢಿ. ಸುಣ್ಣಕ್ಕೆ ಇನ್ನೊಂದು ಗುಣವಿದೆ: ಕೂದಲೆಳೆ ಬಿರುಕಿಗೆ ಮಳೆನೀರು ಇಳಿದಾಗ ಒಳಗಿನ ಸುಣ್ಣ ಸ್ವಲ್ಪ ಕರಗಿ ಬಿರುಕಿನ ದಡಕ್ಕೆ ಬಂದು, ಗಾಳಿಯ ಇಂಗಾಲದ ಡೈಆಕ್ಸೈಡ್ ತಗುಲಿ ಮತ್ತೆ ಕಲ್ಲಾಗುತ್ತದೆ. ತನ್ನ ಸಣ್ಣ ಬಿರುಕನ್ನು ತಾನೇ ಹೊಲಿದುಕೊಳ್ಳುತ್ತದೆ.

ಹೀಗೆಂದರೆ ಸುಣ್ಣದ ಪೂಜೆಗೆ ಕೂತಂತೆ ಕೇಳಿಸಬಹುದು. ಇಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಗಳು ಹೋದವು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಎರಡೂ ಸುಣ್ಣದ ಕಾಲದ ಕಟ್ಟಡಗಳು. ಕೆಡವಬೇಕೋ ಉಳಿಸಬೇಕೋ ಎಂಬ ವಾದ ವರ್ಷಗಳ ಕಾಲ ನಡೆದು ನ್ಯಾಯಾಲಯದವರೆಗೂ ಹೋಯಿತು. ಸುಣ್ಣ ವರ್ಷವರ್ಷ ಕೈಯಾಡಿಸಿಕೊಳ್ಳುವ ವಸ್ತು. ಯುಗಾದಿಗೋ ದೀಪಾವಳಿಗೋ ಮನೆಗೆ ಸುಣ್ಣ ಬಳಿಯುತ್ತಿದ್ದಾಗ ಹಬ್ಬದ ಸಡಗರದ ಜೊತೆಗೆ ಗೋಡೆಯ ತಪಾಸಣೆಯೂ ನಡೆಯುತ್ತಿತ್ತು. ಕುಂಚ ಹಿಡಿದವರು ಅಂಗುಲ ಅಂಗುಲವನ್ನೂ ನೋಡುತ್ತಿದ್ದರು, ಸಣ್ಣ ಬಿರುಕು ಆ ವರ್ಷದ ಸುಣ್ಣದಲ್ಲೇ ಮುಚ್ಚಿಹೋಗುತ್ತಿತ್ತು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಅಡಿಕೆ ಸೋಗೆಯ ತಟ್ಟಿ ಕಟ್ಟಿ ಎರಚಲು ಬಡಿಯುವ ಗೋಡೆಯನ್ನು ಮರೆಮಾಡುತ್ತಿದ್ದರು. ಗೋಡೆಗೆ ಪ್ರತಿವರ್ಷ ಏನಾದರೂ ಮಾಡಬೇಕು ಎಂಬುದು ಅಲ್ಲಿ ಚರ್ಚೆಯ ವಿಷಯವೇ ಆಗಿರಲಿಲ್ಲ. ಆ ಆರೈಕೆ ನಿಂತ ಮೇಲೆ ಸುಣ್ಣದ ಗೋಡೆ ಸಿಮೆಂಟ್ ಗೋಡೆಗಿಂತ ಬೇಗ ಹಾಳಾಗುತ್ತದೆ. ಸಿಮೆಂಟ್ ಬ್ಲಾಕಿನ ಮನೆಗೆ ಅಪ್ಪಟ ಸುಣ್ಣದ ಗಾರೆ ಹಾಕಿಸುವುದೂ ಚಪಲವೇ. ಗೋಡೆ ಯಾವುದೋ ಅದಕ್ಕೆ ತಕ್ಕ ಮೆದುತನ, ನಾನು ಕೇಳುತ್ತಿರುವುದು ಅಷ್ಟೇ.

ಆ ವಾರ್ಷಿಕ ಆರೈಕೆಯ ಜಾಗಕ್ಕೆ ಬಂದಿರುವುದು ಗ್ಯಾರಂಟಿಯ ಬಣ್ಣ. ರಬ್ಬರಿನಂತೆ ಹಿಗ್ಗುವ ಅಕ್ರಿಲಿಕ್ ಪೇಂಟು ಕೂದಲೆಳೆ ಬಿರುಕನ್ನು ನಿಜಕ್ಕೂ ಮುಚ್ಚುತ್ತದೆ, ಎರಚಲು ಮಳೆಯನ್ನು ತಡೆಯುತ್ತದೆ. ಒಣಗಿದ, ಗಟ್ಟಿಮುಟ್ಟಾದ ಕಾಂಕ್ರೀಟ್ ಗೋಡೆಗೆ ಅದು ಒಳ್ಳೆಯದೇ. ಆದರೆ ಪಾಯದಿಂದ ತೇವ ಏರುವ ಗೋಡೆಗೆ, ಬಚ್ಚಲಿನ ಪೈಪು ಒಳಗೆ ಸೋರುವ ಗೋಡೆಗೆ ಅದನ್ನು ಹೊಡೆದರೆ ನೀರು ಬಣ್ಣದ ಹಿಂದೆ ಕೂಡಿಕೊಳ್ಳುತ್ತದೆ. ಮೊದಲು ಗುಳ್ಳೆ, ಆಮೇಲೆ ಹಾಳೆಹಾಳೆಯಾಗಿ ಏಳುವುದು, ಕೆಳಗೆ ಉಪ್ಪು. ಗ್ಯಾರಂಟಿ ಚೀಟಿಯ ಸಣ್ಣಕ್ಷರದಲ್ಲಿ ಒಳಗಿನ ತೇವಕ್ಕೆ ಹೊಣೆಯಿಲ್ಲ ಎಂಬ ಸಾಲು ಇದೆಯೇ ಎಂದು ಹೊಡೆಸುವ ಮೊದಲೇ ಹುಡುಕಿ ನೋಡುವುದು ಒಳ್ಳೆಯದು.

ಇದೆಲ್ಲ ಮೇಸ್ತ್ರಿಗಳಿಗೆ ಗೊತ್ತಿಲ್ಲವೆಂದು ತಿಳಿಯಬಾರದು. ಹಳಬರನ್ನು ಮಾತಿಗೆಳೆದರೆ ಈ ಲೇಖನದಲ್ಲಿರುವುದಕ್ಕಿಂತ ಹೆಚ್ಚೇ ಹೇಳುತ್ತಾರೆ. ಗೊತ್ತಿರುವುದನ್ನು ಮಾಡುವುದಕ್ಕೆ ಅವರಿಗೆ ಯಾರೂ ದುಡ್ಡು ಕೊಡುವುದಿಲ್ಲ. ಗಾರೆ ಕೆಲಸ ಚದರಡಿ ಲೆಕ್ಕದಲ್ಲಿ ಗುತ್ತಿಗೆ ಹೋಗುತ್ತದೆ. ಎಷ್ಟು ಬೇಗ ಎಷ್ಟು ಚದರಡಿ ಎಂಬುದೇ ಸಂಪಾದನೆ. ಗೃಹಪ್ರವೇಶದ ಮುಹೂರ್ತ ಮೊದಲೇ ನಿಶ್ಚಯವಾಗಿರುತ್ತದೆ, ಗಾರೆ ನೀರು ಕುಡಿಯಬೇಕಾದ ದಿನಗಳಲ್ಲಿ ಬಣ್ಣದವರು ಏಣಿ ಹಾಕಿರುತ್ತಾರೆ. ದುರಸ್ತಿಗೆ ಬಂದರೆ ಇನ್ನೊಂದು ಲೆಕ್ಕ. ಎರಡು ಮೂರು ಮಹಡಿಯ ಮನೆಯಲ್ಲಿ ಬಿರುಕು ತುಂಬುವ ಸಾಮಾನಿಗಿಂತ ಸಾರುವೆ ಕಟ್ಟುವ ಖರ್ಚೇ ಹೆಚ್ಚು. ಸಾರುವೆ ಕಟ್ಟಿದ್ದಾಯಿತು, ಹೇಗೂ ಇಡೀ ಗೋಡೆಗೆ ಒಂದು ಕೋಟ್ ಹೊಡೆದುಬಿಡೋಣ ಎಂದು ಎರಡೂ ಕಡೆಯವರಿಗೆ ಅನ್ನಿಸುತ್ತದೆ. ಬಿರುಕನ್ನು ಆರು ತಿಂಗಳು ನೋಡಿ ಆಮೇಲೆ ತೀರ್ಮಾನಿಸೋಣ ಎನ್ನುವ ಮೇಸ್ತ್ರಿಗೆ ಆ ದಿನದ ಕೂಲಿ ಹೋಯಿತು, ಪಕ್ಕದ ಬೀದಿಯವರು ಬಂದು ಸಂಜೆಯೊಳಗೆ ಪುಟ್ಟಿ ಹಚ್ಚಿ ಹೋದರು. ಮನೆ ಕಟ್ಟಿ ನೋಡು ಎಂದು ಗಾದೆ ಮಾಡಿದ ನಾವು ಮನೆ ನೋಡಿಕೊಳ್ಳುವುದರ ಬಗ್ಗೆ ಅಷ್ಟು ಹೆಸರಾದ ಗಾದೆ ಮಾಡಲಿಲ್ಲ.

ಆದ್ದರಿಂದ ನೋಡಿದ್ದಕ್ಕೆ ಕೂಲಿ ಕೊಡುವ ಪದ್ಧತಿ ಬರಬೇಕು. ಅರ್ಧ ದಿನ ಮನೆಯ ಸುತ್ತ ನಡೆದು, ತಟ್ಟಿ, ಏಣಿ ಹಾಕಿ ಸಜ್ಜಾದ ಅಂಚನ್ನು ಮುಟ್ಟಿ, ಇದು ಸತ್ತದ್ದು, ಇದು ಅಲುಗುತ್ತಿದೆ, ಇದಕ್ಕೆ ಎಂಜಿನಿಯರ್ ಬೇಕು ಎಂದು ಹೇಳುವವರಿಗೆ ಇಡೀ ದಿನದ ಕೂಲಿ ಕೊಟ್ಟರೂ ಅದು ಒಂದು ಡಬ್ಬಿ ಪೇಂಟಿಗಿಂತ ಅಗ್ಗ. ಅವರು ಏನನ್ನೂ ಮೆತ್ತದೆ ಹೋದರೂ ದುಡ್ಡು ಸಂದಾಯವಾಗಬೇಕು. ಇಲ್ಲವಾದರೆ ಮೆತ್ತುವುದಕ್ಕೆ ಅವರಿಗೆ ನಾವೇ ಕಾರಣ ಒದಗಿಸಿದಂತೆ.

ಕೈಪಿಡಿಯ ಪಟ್ಟಿಯಲ್ಲಿ ಬೇರೂ ಇದ್ದುದರಿಂದ ಅರಳಿ ಗಿಡದ ಮಾತೂ ಇಲ್ಲಿ ಬರಬೇಕು. ಹಕ್ಕಿ ಹಾಕಿದ ಬೀಜ ಪ್ಯಾರಪೆಟ್ಟಿನ ಬಿರುಕಿನಲ್ಲಿ ಮೊಳೆಯುತ್ತದೆ; ದೇವರ ಗಿಡ, ಕಡಿಯುವುದು ಹೇಗೆ ಎಂದು ಎರಡು ವರ್ಷ ಕಳೆಯುತ್ತದೆ, ಆಮೇಲೆ ಯಾರೋ ಕೊಂಬೆಯಷ್ಟೇ ಮುರಿಯುತ್ತಾರೆ. ಬೇರು ಒಳಗೆ ದಪ್ಪವಾಗುತ್ತಲೇ ಇರುತ್ತದೆ. ಎರಡೆಲೆಯ ಸಸಿಯಾಗಿರುವಾಗಲೇ ಬೇರುಸಹಿತ ಎಬ್ಬಿಸಿ ಕೆರೆ ಏರಿಯ ಮೇಲೆ ನೆಟ್ಟರೆ ಭಕ್ತಿಗೂ ಧಕ್ಕೆಯಿಲ್ಲ.

ಗಾರೆಯೇ ಬೇಡ ಎನ್ನುವವರೂ ಇದ್ದಾರೆ, ಅವರ ಮಾತಿನಲ್ಲಿ ತೂಕವಿದೆ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಗಾರೆಯಿಲ್ಲದ ಇಟ್ಟಿಗೆ ಗೋಡೆಗಳನ್ನು ಕಟ್ಟಿ ತೋರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಬೆಳೆಸಿದ ಒತ್ತುಮಣ್ಣಿನ ಇಟ್ಟಿಗೆಗಳಿಂದ ಕಟ್ಟಿದ ಮನೆಗಳು ನಗರದ ಹಲವು ಬಡಾವಣೆಗಳಲ್ಲಿ ಗಾರೆ, ಬಣ್ಣ ಎರಡೂ ಇಲ್ಲದೆ ನಿಂತಿವೆ. ಸೂರು ಮುಂದಕ್ಕೆ ಚಾಚಿದ್ದರೆ, ಪಾಯ ನೆಲದಿಂದ ಮೇಲೆದ್ದಿದ್ದರೆ ಅವು ಮಳೆಗೆ ಅಂಜುವುದಿಲ್ಲ. ಗಾರೆಯಿಲ್ಲದ ಗೋಡೆಯಲ್ಲಿ ಬಿರುಕು ಬಂದರೆ ಬಂದ ದಿನವೇ ಕಾಣುತ್ತದೆ. ಗಾರೆ ಕಳಪೆ ಕೈಗೆಲಸಕ್ಕೆ ಹೊದಿಕೆಯೂ ಹೌದು. ಅದನ್ನು ತೆಗೆದರೆ ಕಟ್ಟುವವರು ಮೊದಲಿನಿಂದಲೇ ಸಂದಿ ಸಮ ಮಾಡಬೇಕಾಗುತ್ತದೆ. ಆದರೆ ಕಟ್ಟಿ ನಿಂತಿರುವ ಲಕ್ಷಾಂತರ ಮನೆಗಳಿಗೆ ಈ ದಾರಿ ಈಗ ಇಲ್ಲ. ಅವಕ್ಕೆ ಬೇಕಾದದ್ದು ತೇಪೆಯೇ.

ಆ ತೇಪೆಯನ್ನು ಯಾವಾಗ ಹಾಕಬೇಕು? ಎಲ್ಲರೂ ಮೇ ತಿಂಗಳಲ್ಲಿ ಹಾಕಿಸುತ್ತಾರೆ, ಮಳೆ ತಲೆಯ ಮೇಲಿದೆ ಎಂಬ ಭಯದಿಂದ. ಗಾರೆಗೆ ವರ್ಷದ ಅತಿ ಕೆಟ್ಟ ತಿಂಗಳು ಅದು. ಬಿಸಿಲು ಮತ್ತು ಒಣಗಾಳಿಗೆ ಬೆಳಿಗ್ಗೆ ಹಾಕಿದ ಗಾರೆ ಮಧ್ಯಾಹ್ನಕ್ಕೆ ನೀರು ಕಳೆದುಕೊಂಡು ಹೊಸ ಕೂದಲೆಳೆ ಬಿಡುತ್ತದೆ. ಎರೆನೆಲದಲ್ಲಂತೂ ಬಿರುಕು ಅತಿ ಅಗಲವಾಗಿರುವುದು ಆಗಲೇ. ಬಾಯಿ ಪೂರ್ತಿ ತೆರೆದಾಗ ಗಟ್ಟಿ ಗಾರೆ ತುಂಬಿದರೆ ಮಳೆಗೆ ಮಣ್ಣು ಉಬ್ಬಿ ಗೋಡೆ ಮುಚ್ಚಿಕೊಳ್ಳಲು ಹೊರಟಾಗ ತೇಪೆ ಬೆಣೆಯಾಗಿ ಅಡ್ಡ ನಿಲ್ಲುತ್ತದೆ, ಪಕ್ಕದ ಇಟ್ಟಿಗೆ ಸೀಳುತ್ತದೆ. ಅಗಲ ಹೆಚ್ಚೂ ಅಲ್ಲದ ಕಡಿಮೆಯೂ ಅಲ್ಲದ ನಡುಗಾಲವೇ ಸೀಲಂಟ್ ತುಂಬಲು ಸರಿಯಾದ ಹೊತ್ತು. ಮಳೆ ನಿಂತು ಬಿಸಿಲು ಎಳೆಯದಾಗಿರುವ ನವೆಂಬರಿನಿಂದ ಜನವರಿಯವರೆಗೆ ಗಾರೆ ನಿಧಾನವಾಗಿ ಗಟ್ಟಿಯಾಗುತ್ತದೆ, ಬಣ್ಣಕ್ಕೆ ಮುಂಚೆ ಗೋಡೆ ಒಣಗಲು ಮುಂದೆ ಬೇಕಾದಷ್ಟು ದಿನಗಳೂ ಇರುತ್ತವೆ. ಮೇ ತಿಂಗಳಿಗೆ ಬೇರೆ ಕೆಲಸಗಳಿವೆ: ತಾರಸಿಯ ನೀರಿನ ಪೈಪು ಕಟ್ಟಿಕೊಂಡಿದ್ದರೆ ಬಿಡಿಸುವುದು, ಸಜ್ಜಾದ ಮೇಲಿನ ಎಲೆಕಸ ಗುಡಿಸುವುದು, ಚಪ್ಪಡಿಯ ಇಳಿಜಾರು ಸರಿಯಿದೆಯೇ ಎಂದು ಒಂದು ಬಿಂದಿಗೆ ನೀರು ಸುರಿದು ನೋಡುವುದು, ನೀರು ನುಗ್ಗುವಷ್ಟು ಅಗಲವಾದ ಬಿರುಕಿಗೆ ಆ ಮಳೆಗಾಲದ ಮಟ್ಟಿಗೆ ಸೀಲಂಟ್ ಹಿಂಡುವುದು. ಕರಣೆ ಹಿಡಿಯುವ ಕೆಲಸ ದೀಪಾವಳಿ ಕಳೆದ ಮೇಲೆ.